ಎಪ್ಪತ್ತೊಂದೋ ಎಪ್ಪತ್ತಮೂರೋ

ನಮ್ಮ ಸೋದರತ್ತೆಯ ಮನೆಯಲ್ಲಿ ಕಾಫಿ ಸಿಗಬೇಕಾದರೆ ಮೊದಲು ಪರೀಕ್ಷೆ ಪಾಸಾಗಬೇಕು. ವೈಟ್‌ಫೀಲ್ಡ್ ಕಡೆಯ ಆಸ್ಪತ್ರೆಯೊಂದರಲ್ಲಿ ಪಾರ್ಶ್ವವಾಯು ವಾರ್ಡಿನ ಹಿರಿಯ ನರ್ಸ್ ಅವರು. ರೋಗಿಯ ಮೆದುಳಿಗೆ ಎಷ್ಟು ಪೆಟ್ಟಾಗಿದೆ ಎಂದು ಅಳೆಯಲು ಅಲ್ಲೊಂದು ಪ್ರಶ್ನೆಗಳ ಹಾಳೆಯಿದೆ. ಇದು ಯಾವ ತಿಂಗಳು, ವಯಸ್ಸೆಷ್ಟು, ಎರಡೂ ಕೈ ಚಾಚಿ ಹಿಡಿಯಿರಿ, ಹೀಗೆ. ತಪ್ಪಾದರೆ ಅಂಕ, ಅಂಕ ಹೆಚ್ಚಿದಷ್ಟೂ ಪೆಟ್ಟು ಹೆಚ್ಚು. ಅತ್ತೆಗೆ ಅದು ಬಾಯಿಪಾಠ. ನನ್ನ ತಂಗಿಯನ್ನು ನೋಡಲು ಬಂದ ಗಂಡಿಗೂ ಕೈ ಚಾಚಿಸಿದರು. ಪಾಪ, ಅವನು ಇದೇನೋ ನಮ್ಮ ಕಡೆಯ ಶಾಸ್ತ್ರವೆಂದುಕೊಂಡು ಚಾಚಿದ. "ಎರಡೂ ಒಂದೇ ಮಟ್ಟದಲ್ಲಿದೆ ಕಣೋ, ಧಾರಾಳವಾಗಿ ಕೊಡಬಹುದು" ಎಂದು ನನ್ನ ಕಿವಿಯಲ್ಲಿ ಅಂದರು. ಜಾತಕ ನೋಡಿದ್ದು ಆಮೇಲೆ.

ಇಂಥ ಭಕ್ತೆ ಆ ಹಾಳೆಯ ಮೇಲೇ ಜಗಳಕ್ಕೆ ನಿಂತದ್ದು ಆನೇಕಲ್ಲಿನ ಅಜ್ಜಿಯೊಬ್ಬರಿಂದ. ಯಾವ ತಿಂಗಳು ಎಂದರೆ ಆಕೆ, "ಆಸಾಡ ಅಲ್ವೇನವ್ವ, ಗಾಳಿ ಇಂಗ್ ಬೀಸ್ತೈತೆ" ಎಂದರಂತೆ. ಡಾಕ್ಟರು ತಪ್ಪು ಎಂದು ಬರೆದರು.

"ಅಜ್ಜಿ ಸರಿಯಾಗೇ ಹೇಳಿದ್ರು ಡಾಕ್ಟ್ರೇ. ನಿಮ್ ಹಾಳೆಗೆ ಪಂಚಾಂಗ ಗೊತ್ತಿಲ್ಲ, ಅಷ್ಟೆ."

ಹೋದ ವರ್ಷ ಕೊರಿಯಾದ ಅಜ್ಜಿಯೊಬ್ಬರು ದಾಖಲಾದರು. ಮಗ ಇಲ್ಲೇ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಹಾಳೆಯನ್ನು ಕೊರಿಯನ್ನಿಗೆ ಅನುವಾದಿಸಿ, ಕೇಳಲು ಬ್ರೂಕ್‌ಫೀಲ್ಡಿನಲ್ಲಿರುವ ಕೊರಿಯನ್ ಮಹಿಳೆಯೊಬ್ಬರನ್ನು ಕರೆಸಿದರು. ಕೈಕಾಲು ಸುಧಾರಿಸಿತು. ಆದರೆ ವಯಸ್ಸು ಕೇಳಿದಾಗಲೆಲ್ಲ ಅಜ್ಜಿ ಎಪ್ಪತ್ತಮೂರು ಎನ್ನುವರು, ಪಾಸ್‌ಪೋರ್ಟಿನಲ್ಲಿ ಎಪ್ಪತ್ತೊಂದು. ಡಾಕ್ಟರು, ಯಾವ ಉತ್ತರ ತಪ್ಪಿತೆಂದು ಬಿಡಿಸಿ ಹೇಳದೆ, ಬುದ್ಧಿಗೆ ಮಂಕು ಕವಿದಿರಬಹುದು ಎಂದು ಮಗನಿಗೆ ಹೇಳಿಬಿಟ್ಟರು. ಅಂದಿನಿಂದ ಅವನು ಅಮ್ಮನ ಜೊತೆ ಮಾತು ನಿಲ್ಲಿಸಿದ. ಏನಿದ್ದರೂ ಡಾಕ್ಟರ ಜೊತೆ, ಅಮ್ಮನ ತಲೆಯ ಮೇಲಿಂದ.

ಅತ್ತೆಗೆ ಅನುಮಾನ. ಮಂಕು ಕವಿದವರು ದಿನಕ್ಕೊಂದು ವಯಸ್ಸು ಹೇಳಬೇಕಲ್ಲವೇ? ಈಕೆ ಒಂದೇ ತಪ್ಪನ್ನು ಇಷ್ಟು ನಿಷ್ಠೆಯಿಂದ ಹೇಳುವುದೆಂದರೇನು? ಅಲ್ಲಿಯವರೆಗೆ ಬರೀ ಪ್ರಶ್ನೆ-ಉತ್ತರ ದಾಟಿಸುತ್ತಿದ್ದ ಆ ಕೊರಿಯನ್ ಮಹಿಳೆಯನ್ನೇ ವಿಚಾರಿಸಿದರು. ಅವರ ಕಡೆ ಹುಟ್ಟಿದ ದಿನವೇ ಒಂದು ವರ್ಷವಂತೆ. ಹೊಸ ವರ್ಷ ಬಂದಾಗ ಊರಿಗೆಲ್ಲ ಒಟ್ಟಿಗೆ ಇನ್ನೊಂದು. ಹಿರಿಯರು ಈಗಲೂ ಹಾಗೇ ಎಣಿಸುತ್ತಾರಂತೆ. ಅಜ್ಜಿ ಹುಟ್ಟಿದ್ದು ಡಿಸೆಂಬರಿನಲ್ಲಿ! ತಿಂಗಳು ತುಂಬುವ ಮೊದಲೇ ಎರಡು ವರ್ಷ.

ಅತ್ತೆ ನೇರ ದೊಡ್ಡ ಡಾಕ್ಟರ ಕೋಣೆಗೆ ಹೋದರು.

"ಸಿಸ್ಟರ್, ಅಳತೆ ಅಂದ್ಮೇಲೆ ಎಲ್ರಿಗೂ ಒಂದೇ ಇರ್ಬೇಕು."

"ಇರ್ಲಿ ಸಾರ್. ನಾವು ಅಳೀತಿರೋದು ಅಜ್ಜೀನಾ, ಪಾಸ್‌ಪೋರ್ಟ್‌ನಾ?"

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಹಾಳೆ ತಿದ್ದುವ ಕೆಲಸ ಅತ್ತೆಗೇ ಬಿತ್ತು. ಎರಡು ದಿನ ಬ್ರೂಕ್‌ಫೀಲ್ಡಿನ ಕೊರಿಯನ್ ಹಿರಿಯರ ಮನೆಮನೆಗೆ ಹೋಗಿ ಒಂದೊಂದು ಪ್ರಶ್ನೆಯನ್ನೂ ಕೇಳಿ ನೋಡಿದರು. ಬರುವಾಗ ನಾಲ್ಕು ಬಾಟಲಿ ಎಲೆಕೋಸಿನ ಉಪ್ಪಿನಕಾಯಿ ತಂದರು. "ನಮ್ಮತ್ತೆ" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಳ್ಳುವ ಚಟ ನನಗೆ ಹತ್ತಿದ್ದು ಆಗಲೇ.

ಹೊಸ ಹಾಳೆಯ ಮೊದಲ ದಿನ ಅತ್ತೆಗೆ ಊಟದ ಡಬ್ಬಿ ತಂದಿದ್ದ ನಾನು ವಾರ್ಡಿನ ಬಾಗಿಲಲ್ಲಿದ್ದೆ. ಅಜ್ಜಿ ಮತ್ತೆ ಎಪ್ಪತ್ತಮೂರು ಎಂದರು. ಅತ್ತೆ ದೊಡ್ಡದಾಗಿ ಸೊನ್ನೆ ಬರೆದು, ಹಾಳೆಯನ್ನು ಮಗನ ಕಡೆ ತಿರುಗಿಸಿದರು. "ನಿಮ್ಮಮ್ಮ ಪೂರ್ತಿ ಸರಿಯಾಗಿದ್ದಾರೆ. ಲೆಕ್ಕ ತಪ್ಪಿದ್ದು ನಮ್ದು."

ಆ ಮಹಿಳೆ ಅದನ್ನು ಅವನಿಗೆ ತಿಳಿಸಿದರು. ಅವನು ಹಾಳೆಯನ್ನು ಕೈಗೆ ತೆಗೆದುಕೊಂಡ. ಆಮೇಲೆ ಕುರ್ಚಿ ಎಳೆದು ಅಮ್ಮನ ಮುಖಕ್ಕೆ ಮುಖ ಕೊಟ್ಟು ಕೂತು ಏನೋ ಕೇಳಿದ.

"ಏನು ತಿನ್ನಬೇಕು ಅನ್ನಿಸ್ತಿದೆ ಅಂತ ಕೇಳ್ತಿದ್ದಾನೆ" ಎಂದರು ಮಹಿಳೆ.

ಅಜ್ಜಿ ನಿಧಾನವಾಗಿ ಒಂದೊಂದೇ ಹೆಸರು ಹೇಳತೊಡಗಿದರು. ಬರೆದುಕೊಳ್ಳಲು ಅವನಿಗೆ ಸಿಕ್ಕಿದ್ದು ಅದೇ ಹಾಳೆಯ ಹಿಂಬದಿ. ಅತ್ತೆ ತಮ್ಮ ಪೆನ್ನು ಕೊಟ್ಟರು.