ಅಡಿಟಿಪ್ಪಣಿ ಎಣಿಸುವ ಮಾಮಾ

ನಮ್ಮ ಮಾಮಾ ಮೂವತ್ತು ವರ್ಷ ಅರ್ಥಶಾಸ್ತ್ರ ಕಲಿಸಿದರು. ಆದರೆ ಒಂದು ಲೇಖನವನ್ನೂ ಮೇಲಿನಿಂದ ಓದಿದವರಲ್ಲ. ನಂಬುತ್ತೀರಾ? ಪುಟ ತೆಗೆದ ಕೂಡಲೇ ಅವರ ಕಣ್ಣು ನೇರ ತಳಕ್ಕೆ, ಅಡಿಟಿಪ್ಪಣಿಗೆ ಇಳಿಯುತ್ತಿತ್ತು!

ಎಪ್ಪತ್ತರ ದಶಕದ ಮಾತು. ಮಾಮಾ ಶಿಗ್ಗಾಂವದ ಕಾಲೇಜಿನಲ್ಲಿ ಲೆಕ್ಚರರ್. ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಟೀಚರ್, ಇರುವುದು ಅವರ ಮನೆಯಲ್ಲಿ. ಯಾವ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗ ನಿಜವಾಗಿ ಸಂಶೋಧನೆ ಮಾಡುತ್ತಿದೆ, ಯಾವುದು ಬರೀ ಕಾಗದ ಹಾಳುಮಾಡುತ್ತಿದೆ ಎಂದು ಅಳೆಯುವ ಹುಚ್ಚು ಅವರಿಗೆ ಹತ್ತಿತ್ತು.

"ಎಷ್ಟು ಬರದ್ರು ಅನ್ನೂದಲ್ಲವ್ವಾ, ಬರದದ್ದನ್ನ ಮಂದಿ ಎಷ್ಟು ಸಲ ನೆನಸಿದ್ರು ಅನ್ನೂದ ಮುಖ್ಯ," ಎನ್ನುತ್ತಿದ್ದರು.

ಹೀಗಾಗಿ ಪ್ರತಿ ಶನಿವಾರ ಧಾರವಾಡದ ಬಸ್ಸು, ಅಲ್ಲಿಯ ಲೈಬ್ರರಿ, ಪತ್ರಿಕೆಗಳ ರಾಶಿ. ಯಾರು ಯಾರನ್ನು ಉಲ್ಲೇಖಿಸಿದ್ದಾರೆಂದು ವಹಿಯಲ್ಲಿ ಒಂದೊಂದೇ ಗೀಟು ಎಳೆದು ಬರುವುದು. ಮನೆಗೆ ಬಂದ ಮೇಲಾದರೂ ಕೂತಲ್ಲಿ ಕೂಡುವ ಜೀವವೇ ಅದು? ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಪಡಸಾಲೆಗೆ! ಬಾಯಲ್ಲಿ ತುತ್ತು ಇರುವಾಗಲೇ ಎದ್ದುಹೋಗಿ ಗೀಟು ನೋಡಿ ಬರುವರು.

"ಎಲಿ ಮುಂದ ಇರಾಂಗಿಲ್ಲ. ತುಪ್ಪ ಹಿಡಕೊಂಡು ನಾ ಇವರ ಹಿಂದ ಓಡಬೇಕು!" ಎಂದು ಮಾಮಿ ಗೊಣಗುತ್ತಿದ್ದರು.

ಒಮ್ಮೆ ಧಾರವಾಡದಿಂದ ಮರಳುವಾಗ ತಡಸದಲ್ಲಿ ಬಸ್ಸು ನಿಂತಿತು. ಒಂದು ಟಿಪ್ಪಣಿ ಬಿಟ್ಟುಹೋಯಿತೆಂದು ನೆನಪಾಗಿ ಮಾಮಾ ಅಲ್ಲೇ ಇಳಿದು, ಎದುರಿನ ಬಸ್ಸು ಹಿಡಿದು, ಲೈಬ್ರರಿ ಮುಚ್ಚುವ ಹೊತ್ತಿಗೆ ಮತ್ತೆ ಒಳನುಗ್ಗಿದರಂತೆ! ಮನೆ ಸೇರಿದ್ದು ಮರುದಿನ.

"ಸಿಕ್ತೇನ್ರಿ?" ಮಾಮಿ ಕೇಳಿದರು.

"ಸಿಕ್ತು. ಆದ್ರ ಅಂವಾ ತನ್ನನ್ನ ತಾನ ನೆನಸಿಕೊಂಡಾನ. ಅದನ್ನ ಲೆಕ್ಕಕ್ಕ ಹಿಡಿಯಾಂಗಿಲ್ಲ."

ಆರು ವರ್ಷದ ಗೀಟುಗಳೆಲ್ಲ ಸೇರಿ ಒಂದು ಪ್ರಬಂಧವಾಯಿತು. ಅದನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿಸಬೇಕಾದವರು ಒಂದು ಅರ್ಥಶಾಸ್ತ್ರ ವಿಭಾಗದ ಮುಖ್ಯಸ್ಥರು. ಸವಣೂರಿನ ಮದುವೆಯೊಂದರಲ್ಲಿ ಅವರೇ ಮಾಮಾನ ಪಕ್ಕದ ಎಲೆಗೆ ಬಂದು ಕೂತರು. "ನಲವತ್ತು ಲೇಖನ ಬರದೇನಿ!" ಎಂದು ಪಂಕ್ತಿಗೆಲ್ಲ ಕೇಳಿಸುವಂತೆ ಹೇಳಿದರು. ಮಾಮಾ ಸುಮ್ಮನಿರಬಾರದೇ?

"ಖರೇ ಅದರಿ ಸರ್. ಆದ್ರ ನೆನಸಿದವರು ಇಬ್ಬರ. ಒಬ್ಬರು ನೀವು. ಇನ್ನೊಬ್ಬ ನಿಮ್ಮ ಕೈಕೆಳಗ ಪಿಎಚ್.ಡಿ. ಮಾಡಾಕತ್ತಾನ!"

ಹೋಳಿಗೆ ಬರುವ ಮೊದಲೇ ಮುಖ್ಯಸ್ಥರು ಎದ್ದರು. ತಿಂಗಳೊಳಗೆ ಪ್ರಬಂಧ ವಾಪಸು ಬಂತು, ಜೊತೆಗೆ ಒಂದು ಸಾಲಿನ ಪತ್ರವೂ ಇಲ್ಲ. ಮಾಮಾ ಒಂದು ವಾರ ಹೈವೇದವರೆಗೆ ನಡೆದರು, ಬಂದರು, ಮತ್ತೆ ನಡೆದರು. ಶನಿವಾರ ಮಾತ್ರ ಚೀಲ ಹೆಗಲಿಗೇರಿತು!

"ಇನ್ನ ಯಾರ ಸಲುವಾಗಿ ಎಣಸ್ತೀರಿ?" ಮಾಮಿ ಕೇಳಿದರು. ಮಾಮಾ ಚಪ್ಪಲಿ ಮೆಟ್ಟಿ ಹೊರಟರು.

ಸಂಜೆ ಓಡುತ್ತಲೇ ಬಂದರು. "ಒಂದು ಅಡಿಟಿಪ್ಪಣಿಯಾಗ ನಮ್ಮ ಗುರುಗಳ ಹೆಸರು ಸಿಕ್ತು! ನಾಳೆ ಹಿರೇಕೆರೂರಿಗೆ ಹೋಗಬೇಕು!" ಮಾಮಾಗೆ ಅರ್ಥಶಾಸ್ತ್ರ ಕಲಿಸಿದ ಗುರುಗಳು ನಿವೃತ್ತರಾಗಿ ಅಲ್ಲಿದ್ದರು. ಜೀವಮಾನದಲ್ಲಿ ಬರೆದದ್ದು ಒಂದೇ ಲೇಖನ, ಹಾನಗಲ್ಲ ಸೀಮೆಯ ಕೆರೆ ನೀರಾವರಿಯ ಮೇಲೆ.

"ನೀನೂ ಜೊತಿಗೆ ಹೋಗವ್ವಾ, ನಡುವ ಎಲ್ಲೆರೆ ಇಳದಾರು," ಎಂದು ಮಾಮಿ ನನ್ನನ್ನೂ ಕಳಿಸಿದರು.

ಗುರುಗಳು ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಕಣ್ಣು ಮಂಜಾಗಿದ್ದವು. ಮಾಮಾ ಕಾಲಿಗೆರಗಿ ವಿಷಯ ಹೇಳಿದರು.

"ನನ್ನ ಲೇಖನಾನ? ಏನಂತ ಬರದಾರ? ಬೈದಾರೇನು?"

ಮಾಮಾ ಜೇಬಿನ ಚೀಟಿ ತೆಗೆದು ಮತ್ತೆ ಮಡಚಿದರು. ಲೈಬ್ರರಿಯಲ್ಲಿ ಬರೆದುಕೊಂಡ ಆ ಚೀಟಿಯನ್ನು ಬಸ್ಸಿನಲ್ಲಿ ನಾನೂ ಓದಿದ್ದೆ. ಎಲ್ಲ ವಿಭಾಗಗಳಿಗೂ ಸತ್ಯ ಹೇಳಿದವರು, ಈಗೇನು ಮಾಡಿಯಾರು?

"ಹೌದ್ರಿ ಸರ್. ಕೆರಿ ಹೂಳಿನ ಬಗ್ಗೆ ನೀವು ಹೇಳಿದ್ದು ತಪ್ಪು ಅಂದಾರ."

ಗುರುಗಳು ದಡಕ್ಕನೆ ಎದ್ದು ಕೂತರು.

"ತಪ್ಪು ಅಂದಾನ? ಹಂಗಾರ ಪೂರ್ತಿ ಓದ್ಯಾನಲೋ! ಹೂಳಿನ ಮಾತು ಕಡೀ ಪುಟದಾಗ ಐತಿ!"

ಮುಖವೆಲ್ಲ ನಗು. "ಪೆನ್ನ ತಗೀ. ಅಂವಗ ಉತ್ತರ ಕೊಡೂಣು. ಬರಕೋ!"

ಮಾಮಾ ನೆಲದ ಮೇಲೆ ಕೂತು ಬರೆಯತೊಡಗಿದರು. ಗುರುಗಳ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

"ಎರಡು ವರ್ಷ ಆತವ್ವಾ, ಇವರು ಹಿಂಗ ಜೋರಾಗಿ ಮಾತಾಡಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ, ಉಳಿಯುತ್ತೀರೋ ಹೋಗುತ್ತೀರೋ ಎಂದೂ ಕೇಳದೆ, ನಮ್ಮಿಬ್ಬರ ಪಾಲಿನ ಅಕ್ಕಿಯನ್ನೂ ತೊಳೆಯತೊಡಗಿದರು.