ಎರಡು ಸರಿಗಳ ನಡುವೆ ಒಂದು ತಪ್ಪನ್ನು ಆರಿಸಿದ ಉಪಸಮಿತಿಗೆ

ಪುಳಿಯಂಕಡವ್ ರಕ್ತದಾನಿಗಳ ಸಹಕಾರ ಸಂಘದ ಫೈಲ್‌ಸಿಸ್ಟಂ ಆಯ್ಕೆ ಉಪಸಮಿತಿಯ ಅಧ್ಯಕ್ಷರೂ, ನಿವೃತ್ತ ಮುಖ್ಯೋಪಾಧ್ಯಾಯರೂ, ನನಗೆ ಒಂದು ಕಾಲದಲ್ಲಿ ಭಾಗಾಕಾರ ಕಲಿಸಿದವರೂ ಆದ ಪವಿತ್ರನ್ ಮಾಷ್ ಅವರ ಸನ್ನಿಧಿಗೆ,

ಮಾನ್ಯರೇ,

ರಕ್ತದಾನಿಗಳ ವಿವರವಿರುವ ಸರ್ವರ್ ಯಂತ್ರಕ್ಕೆ ತಾವು ಪೆನ್‌ಡ್ರೈವಿನ ಫೈಲ್‌ಸಿಸ್ಟಂ ಹಾಕಿಸಿದಿರಿ. ಕರೆಂಟು ಹೋದಾಗ ವಿವರಗಳು ಹಾಳಾದವು. ಈಗ ಒಬ್ಬ ಬಸುರಿಗೆ ರಕ್ತ ಕೊಡಬಲ್ಲವರ ಫೋನ್ ನಂಬರು ನಮ್ಮ ಸಂಘದಲ್ಲಿ ಇಲ್ಲ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಪತ್ರದ ಉಳಿದ ಭಾಗವನ್ನು ನಿಶ್ಚಿಂತೆಯಿಂದ ತಮ್ಮ ಗುಣಗಾನಕ್ಕೆ ಮೀಸಲಿಡಬಹುದೆಂದು ಭಾವಿಸಿ, ತಮಗೂ ತಮ್ಮ ಉಪಸಮಿತಿಯ ಸಕಲ ಸದಸ್ಯರಿಗೂ ಅವರವರ ಹಿರಿತನಕ್ಕೆ ತಕ್ಕಷ್ಟು ಬಾಗಿ ನಮಸ್ಕರಿಸುತ್ತೇನೆ.

ಈ ಪತ್ರದ ಒಂದು ಪ್ರತಿಯನ್ನು ವಾಚನಾಲಯದ ಗೋಡೆಗೆ ಅಂಟಿಸುತ್ತಿರುವುದರಿಂದ, ಅಲ್ಲಿ ನಿಂತು ಓದುವವರಿಗಾಗಿ ಒಂದು ಮಾತು. ಫೈಲ್‌ಸಿಸ್ಟಂ ಎಂದರೆ ಡಿಸ್ಕಿನ ಮೇಲೆ ಯಾವುದನ್ನು ಎಲ್ಲಿ ಇಡಬೇಕು, ಇಟ್ಟದ್ದನ್ನು ಹೇಗೆ ಹುಡುಕಬೇಕು ಎಂಬ ಕ್ರಮ. ಒಳ್ಳೆಯ ಕ್ರಮವೊಂದು ತಾನು ಮಾಡಲಿರುವ ಬದಲಾವಣೆಯನ್ನು ಮೊದಲು ಒಂದು ಮೂಲೆಯಲ್ಲಿ ಗುರುತು ಹಾಕಿಕೊಂಡು ಆಮೇಲೆ ಮಾಡುತ್ತದೆ. ನಡುವೆ ಕರೆಂಟು ಹೋದರೆ, ಬಂದ ಮೇಲೆ ಆ ಗುರುತು ನೋಡಿ ಕೆಲಸ ಮುಗಿಸುತ್ತದೆ. ಪೆನ್‌ಡ್ರೈವಿನ ಹಳೆಯ ಕ್ರಮಕ್ಕೆ ಈ ಅಭ್ಯಾಸವಿಲ್ಲ. ನಡುವೆ ಕರೆಂಟು ಹೋದರೆ ಅದು, ತಮ್ಮ ಉಪಸಮಿತಿಯಂತೆಯೇ, ಎಲ್ಲಿ ನಿಲ್ಲಿಸಿದ್ದೆನೆಂಬುದನ್ನು ಮರೆತು ಹೊಸದಾಗಿ ಚಹಾ ತರಿಸುತ್ತದೆ.

ಇಂಥ ಕ್ರಮವನ್ನು ತಾವು ಆರಿಸಿದ ಆ ಐತಿಹಾಸಿಕ ಸಭೆಯನ್ನು ನೆನೆಯದೆ ಇರಲಾರೆ. ಸಂಘದ ಚುನಾವಣೆಯಲ್ಲಿ ಸೆಣಸುವ ಎರಡು ಬಣಗಳಲ್ಲಿ ಐಕ್ಯ ಪ್ಯಾನೆಲಿನವರಾದ, ನಮಗೆಲ್ಲ ಅಣ್ಣನಾದ ದಾಮುವೇಟ್ಟ ಎಕ್ಸ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಂ ಸೂಚಿಸಿದರು, ಅದು ಒಳ್ಳೆಯದೇ. ಅವರು ಸೂಚಿಸಿದರೆಂಬ ಒಂದೇ ಕಾರಣಕ್ಕೆ ಜನಹಿತ ಪ್ಯಾನೆಲಿನ ಪೋಕರ್ ಹಾಜಿಯವರು ಇಎಕ್ಸ್‌ಟಿ-ಫೋರ್ ಎಂಬುದನ್ನು ಹಿಡಿದು ನಿಂತರು, ಅದೂ ಒಳ್ಳೆಯದೇ. ಎರಡರಲ್ಲಿ ಯಾವುದನ್ನು ಹಾಕಿದ್ದರೂ ನಮ್ಮ ಸರ್ವರ್ ನಿಶ್ಚಿಂತೆಯಿಂದ ನಡೆಯುತ್ತಿತ್ತು, ನಾನೂ ಈ ಕಾಗದ ಬರೆಯುತ್ತಿರಲಿಲ್ಲ. ಆದರೆ "ಅವರ ಫೈಲ್‌ಸಿಸ್ಟಂ ಬಂದ್ರೆ ನಮ್ಮ ಸದಸ್ಯರು ರಕ್ತ ಕೊಡಲ್ಲ ಸಖಾವೇ" ಎಂದು ಒಬ್ಬರು, "ಕೊಟ್ಟ ದಿನ ತಾನೇ ನಿಲ್ಲಿಸೋದು? ಮೊದಲು ಕೊಡೋಕೆ ಹೇಳಿ" ಎಂದು ಇನ್ನೊಬ್ಬರು ಕುರ್ಚಿಯಿಂದ ಎದ್ದಾಗ, ತಾವು ಜೇಬಿನಿಂದ ಪೆನ್‌ಡ್ರೈವ್ ತೆಗೆದು ಎತ್ತಿ ಹಿಡಿದು, "ಇದರಲ್ಲಿ ಇರೋದನ್ನೇ ಹಾಕಿಬಿಡಿ. ಇದಕ್ಕೆ ಪಾರ್ಟಿ ಇಲ್ಲ" ಎಂದಿರಿ. ಇಡೀ ಸಭೆ ಚಪ್ಪಾಳೆ ತಟ್ಟಿತು. ನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ಎರಡೂ ಪ್ಯಾನೆಲಿನವರು ಬಾಳೆಹಣ್ಣಿನ ಬಜ್ಜಿಯಾದ ಪಳಂಪೊರಿಯನ್ನು ಒಂದೇ ತಟ್ಟೆಯಿಂದ ತಿಂದರು. ಎರಡು ಸರಿಗಳ ಜಗಳವನ್ನು ಒಂದು ತಪ್ಪಿನಿಂದ ಬಿಡಿಸಬಹುದೆಂದು ಕಂಡುಹಿಡಿದ ಕೀರ್ತಿ ಸಂಪೂರ್ಣವಾಗಿ ತಮ್ಮದು.

ಆ ಸಭೆಯಲ್ಲಿ ನಾನು ಎದ್ದು ನಿಂತು, "ಮಾಷೇ, ಅದು ಸಿನಿಮಾ ಸಾಗಿಸೋಕೆ ಇರೋದು, ಡೇಟಾಬೇಸ್ ಇಡೋಕಲ್ಲ" ಎಂದದ್ದು ತಮಗೆ ನೆನಪಿರಬಹುದು. "ಮೂರು ಗಂಟೆ ಸಿನಿಮಾನೇ ತಡ್ಕೊಳ್ಳುತ್ತೆ ಅಂದ್ರೆ ನಾಲ್ಕು ಫೋನ್ ನಂಬರು ತಡ್ಕೊಳ್ಳಲ್ವಾ ಮೋಳೇ?" ಎಂದು ತಾವು ಮಗಳನ್ನು ಕೇಳುವಂತೆ ಕೇಳಿದ ಪ್ರಶ್ನೆಗೆ ಉತ್ತರಿಸುವ ಶಕ್ತಿ ಇಂದಿಗೂ ನನಗೆ ಬಂದಿಲ್ಲ. ದಾಮುವೇಟ್ಟನಂತೂ "ಎಂಟು ಪುಟದ ಕರಪತ್ರ ಓದಿ ನಮಗೆ ಪಾಠ ಹೇಳೋಕೆ ಬಂದಿದ್ದಾಳೆ" ಎಂದು ನಕ್ಕರು. ಅವರ ಮಾತು ನಿಜ. ನಾನು ಓದಿರುವುದು ಕರಪತ್ರಗಳನ್ನೇ, ಅದೂ ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತು. ಆದರೆ ಜನರು ನಂಬಿ ಕೊಟ್ಟ ವಿವರ ಜನರದ್ದು, ಅದನ್ನು ಕಾಯುವವನು ಅದರ ಯಜಮಾನನಲ್ಲ ಎಂದು ಅವುಗಳಲ್ಲಿ ಒಂದರಲ್ಲಿತ್ತು. ಸಭೆಯಲ್ಲಿ ನಾನು ತಮ್ಮ ಮುಂದಿಟ್ಟ ಆ ಪುಟವನ್ನು ತಾವು ಪಳಂಪೊರಿಯ ಎಣ್ಣೆ ಒರೆಸಲು ಬಳಸಿದಿರಿ.

ಕರ್ಕಿಡಕ ಮಾಸದ ಮಳೆಗೆ ಎಂದಿನಂತೆ ಕರೆಂಟು ಹೋಯಿತು. ಹಾಗೆ ಹೋದಾಗ ಯಂತ್ರವನ್ನು ಕಾಯಬೇಕಿದ್ದ ಬ್ಯಾಟರಿ, ಎರಡೂ ಪ್ಯಾನೆಲುಗಳ ಸೌಹಾರ್ದ ಸಮ್ಮೇಳನದ ಮೈಕಿಗೆ ಹೋಗಿತ್ತು. ಕರೆಂಟು ಬಂದ ಮೇಲೆ ದುರಸ್ತಿಯ ಪ್ರೋಗ್ರಾಂ ಓಡಿಸಿದರು. ಅದು ಹರಿದ ತುಂಡುಗಳನ್ನೆಲ್ಲ ಒಟ್ಟುಮಾಡಿ ಒಂದೊಂದಕ್ಕೆ ಒಂದೊಂದು ಅಂಕಿಯ ಹೆಸರಿಟ್ಟು ಸಾಲಾಗಿ ಜೋಡಿಸಿತು. ಅವುಗಳಲ್ಲಿ ಯಾವುದನ್ನೂ ಡೇಟಾಬೇಸ್ ಓದಲಾರದಾಗಿತ್ತು. ಆಗ ತಾವು ಕನ್ನಡಕ ಸರಿಪಡಿಸಿಕೊಂಡು ಪರದೆ ನೋಡಿ, "ಮೊದಲಿಗಿಂತ ಫೈಲ್ ಜಾಸ್ತಿನೇ ಆಗಿದೆಯಲ್ಲ ಮೋಳೇ, ಕಳೆದದ್ದು ಎಲ್ಲಿ?" ಎಂದಿರಿ. ಸರ್ಕಾರಿ ಕಚೇರಿಗಳಲ್ಲಿ ಫೈಲು ಹೆಚ್ಚಿದಷ್ಟೂ ಕೆಲಸ ನಡೆದಂತೆ ಎಂದು ನಂಬಿ ಬದುಕಿದ ಹಿರಿಯರಿಗೆ ಆ ನೋಟ ಎಷ್ಟು ತೃಪ್ತಿ ಕೊಟ್ಟಿರಬೇಕೆಂದು ನಾನು ಊಹಿಸಬಲ್ಲೆ. ನಕಲು ಪ್ರತಿ ಎಲ್ಲಿ ಎಂದು ಕೇಳಿದ್ದಕ್ಕೆ ತಾವು ಹೆಮ್ಮೆಯಿಂದ ತೋರಿಸಿದ್ದು ಅದೇ ಡಿಸ್ಕಿನ ಇನ್ನೊಂದು ಫೋಲ್ಡರನ್ನು. ಅದು ತನ್ನ ಅಣ್ಣನ ಜೊತೆಗೇ ಹೋಗಿತ್ತು.

ಮರುವಾರ ನಮಗೆಲ್ಲ ಅಕ್ಕನಾದ ನಳಿನಿಯೇಡತ್ತಿ ಸಂಘಕ್ಕೆ ಬಂದರು. ಅವರ ಮಗಳು ಲಿಜಿಷಳದ್ದು ಬಾಂಬೆ ಗುಂಪಿನ ರಕ್ತ. ಸಾದಾ ಪರೀಕ್ಷೆಯಲ್ಲಿ ಓ ಎಂದು ತೋರಿದರೂ ಓ ರಕ್ತ ಕೊಟ್ಟರೆ ಅವಳು ಉಳಿಯುವುದಿಲ್ಲ. ಕರ್ಕಿಡಕ ಕಳೆದು ಬರುವ ಚಿಂಗಂ ತಿಂಗಳಲ್ಲಿ ಹೆರಿಗೆ. ಮಾಸು ಕೆಳಗೆ ಕೂತಿದೆ, ರಕ್ತ ಹೋಗುವ ಭಯವಿದೆ, ಅದೇ ಗುಂಪಿನ ರಕ್ತವನ್ನು ಮೊದಲೇ ಸಿದ್ಧಮಾಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದಾರೆ. ಆ ಗುಂಪಿನವರು ನಮ್ಮ ಸುತ್ತಮುತ್ತ ಮೂವರಿದ್ದರು. ಮೂವರೂ ಗಲ್ಫಿಗೆ ಹೋಗಿ ಬರುವವರು, ಬಂದಾಗಲೆಲ್ಲ ನಂಬರು ಬದಲಾಗುತ್ತದೆ. ಹೊಸ ನಂಬರು ಇದ್ದದ್ದು ಸರ್ವರಿನಲ್ಲಿ ಮಾತ್ರ. ಪರದೆ ಖಾಲಿ ಕಂಡಾಗ ದಾಮುವೇಟ್ಟ, "ಬಾಂಬೆ ಗುಂಪಂದ್ರೆ ಬಾಂಬೆಗೇ ಹೋಗಬೇಕಾಗುತ್ತೆ ಏಡತ್ತಿ" ಎಂದು ವಾತಾವರಣ ತಿಳಿಗೊಳಿಸಲು ಯತ್ನಿಸಿದರು. "ಹೋಗ್ತೀನಿ ದಾಮು, ಟಿಕೆಟ್ ಮಾಡಿಸು. ಆದ್ರೆ ಶಾರ್ಜಾದಿಂದ ಬಂದ ಮಜೀದ್ ಇದೇ ಮೇಜಿನ ಮುಂದೆ ನಿಂತು ನಂಬರು ಹೇಳಿ ಹೋದ್ನಲ್ಲ, ಅದನ್ನೇನು ಮಾಡಿದ್ರಿ?" ಎಂದು ಅವರು ಕೇಳಿದರು. ತಾವು ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡಿರಿ.

ಆದ್ದರಿಂದ ತಮ್ಮ ಉಪಸಮಿತಿಯ ಮಹಿಮೆಗೆ ತಕ್ಕ ಕೆಲವು ಬಿನ್ನಹಗಳನ್ನು ಮುಂದಿಡುತ್ತೇನೆ. ಇನ್ನು ಮುಂದೆ ಕರೆಂಟು ಹೋಗುವ ಮುನ್ನ ತಮಗೆ ಲಿಖಿತ ಸೂಚನೆ ಕೊಡತಕ್ಕದ್ದೆಂದು ವಿದ್ಯುತ್ತಿಗೆ ಸರ್ವಾನುಮತದ ಠರಾವು ಕಳಿಸಬೇಕು. ಕರ್ಕಿಡಕದ ಮಳೆಯನ್ನು ಎರಡು ಪ್ಯಾನೆಲುಗಳಿಗೂ ಸಮನಾಗಿ ಹಂಚಬೇಕು. ಲಿಜಿಷಳ ಹೆರಿಗೆಯನ್ನು ಮುಂದಿನ ಸರ್ವಸದಸ್ಯರ ಸಭೆಯವರೆಗೆ ಮುಂದೂಡಿ, ಅಷ್ಟರಲ್ಲಿ ಅವಳ ರಕ್ತದ ಗುಂಪನ್ನು ಹೆಚ್ಚು ಜನಕ್ಕೆ ಒಪ್ಪಿಗೆಯಾಗುವ ಇನ್ನೊಂದು ಗುಂಪಿಗೆ ಬದಲಾಯಿಸಬೇಕು. ಒಮ್ಮತ ಮೂಡಿಸುವುದರಲ್ಲಿ ತಮ್ಮನ್ನು ಮೀರಿಸಿದವರಿಲ್ಲ.

ಇವು ಕಷ್ಟವೆನಿಸಿದರೆ ಸುಲಭದ ಒಂದೇ ಬೇಡಿಕೆಯಿದೆ. ಡಿಸ್ಕನ್ನು ಅಳಿಸಿ ಎಕ್ಸ್‌ಎಫ್‌ಎಸ್ ಹಾಕಿ. ಇಲ್ಲವೇ ಇಎಕ್ಸ್‌ಟಿ-ಫೋರ್ ಹಾಕಿ. ಯಾವುದೆಂದು ನಾನು ಕೇಳುವುದಿಲ್ಲ, ಯಾರು ಗೆದ್ದರೆಂದು ಲಿಜಿಷಳೂ ಕೇಳುವುದಿಲ್ಲ. ನಕಲನ್ನು ಬೇರೆ ಊರಿನ ಬೇರೆ ಯಂತ್ರದಲ್ಲಿಡಿ. ನಾನೂ ವಾಚನಾಲಯದ ಗೆಳತಿಯರೂ ಮನೆ ಮನೆಗೆ ಹೋಗಿ ದಾನಿಗಳನ್ನು ಮತ್ತೆ ಕೇಳಿಕೊಂಡು ಬರುತ್ತಿದ್ದೇವೆ. ಮೂವರಲ್ಲಿ ಒಬ್ಬರು ಸಿಕ್ಕಿದ್ದಾರೆ, ಇನ್ನೊಬ್ಬರು ದೋಹಾಕ್ಕೆ ಮರಳಿದ್ದಾರೆ. ಮಜೀದ್ ಎಲ್ಲೋ ಹೆಂಡತಿಯ ಊರಿನಲ್ಲಿದ್ದಾರಂತೆ, ಹುಡುಕುತ್ತಿದ್ದೇವೆ. ಸಿಕ್ಕ ನಂಬರುಗಳನ್ನು ಈಗಿನ ಸರ್ವರ್ ಯಂತ್ರಕ್ಕೆ ಒಂದನ್ನೂ ಕೊಡುವುದಿಲ್ಲ. ಇದನ್ನು ಬೆದರಿಕೆಯೆಂದು ತಿಳಿದುಕೊಂಡರೆ ಸರಿಯಾಗಿಯೇ ತಿಳಿದುಕೊಂಡಿರಿ ಎಂದರ್ಥ.

ತಮ್ಮ ಮೇಲಿನ ನಂಬಿಕೆಯನ್ನು ತಮ್ಮಿಂದ ದೂರವೇ ಜೋಪಾನವಾಗಿಟ್ಟಿರುವ,

ತಮ್ಮ ವಿಶ್ವಾಸಿ,
ಕೆ. ಪಿ. ರಿನ್ಷ

ಮರುಬರಹ: ನನ್ನ ಮಾತು ಕರಪತ್ರದ ಮಾತೆಂದು ತಮಗೆ ಇನ್ನೂ ಅನಿಸುತ್ತಿದ್ದರೆ ವಾದ ಬೇಡ. ವಾಚನಾಲಯದಲ್ಲಿ ಎರಡು ಹಳೆಯ ಯಂತ್ರಗಳನ್ನು ಅಕ್ಕಪಕ್ಕ ಇಟ್ಟಿದ್ದೇವೆ, ಒಂದರಲ್ಲಿ ತಮ್ಮ ಫೈಲ್‌ಸಿಸ್ಟಂ, ಇನ್ನೊಂದರಲ್ಲಿ ತಾವು ತಿರಸ್ಕರಿಸಿದವುಗಳಲ್ಲೊಂದು. ನಾವು ಹೆಸರುಗಳನ್ನು ತುಂಬುತ್ತಿರುವಾಗಲೇ ತಾವು ಬೇಕೆಂದಾಗ ಪ್ಲಗ್ ಕೀಳಬೇಕು. ತಮ್ಮದು ಮೊದಲ ಸಲ ಬದುಕಿದರೂ ಬದುಕೀತು, ಅದಕ್ಕೇ ಮತ್ತೆ ಮತ್ತೆ ಕೀಳಬೇಕು. ಕೆಲಸವನ್ನು ಅರ್ಧದಲ್ಲಿ ನಿಲ್ಲಿಸಿ ತಮಗೆ ಅಭ್ಯಾಸವಿರುವುದರಿಂದ ತರಬೇತಿ ಬೇಕಾಗಲಾರದು. ನಳಿನಿಯೇಡತ್ತಿಯೂ ಲಿಜಿಷಳೂ ಎದುರಿನ ಬೆಂಚಿನಲ್ಲಿ ಕುಳಿತು ನೋಡುತ್ತಾರೆ. ಬರುವ ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.