ಗುಮಾಸ್ತರ ಸಸ್ಪೆನ್ಷನ್

ಗುಮಾಸ್ತರ ಕಾರು ನಿಂತಿದ್ದಾಗ ಬಲು ಚೆಂದ. ಹೊರಟರೆ ಮಾತ್ರ ಮಾನ ಕಳೆಯುತ್ತಿತ್ತು. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿದ್ದ ಕೆಂಪು ಸ್ಪೋರ್ಟ್ಸ್ ಕಾರು ಅದು. ಯಾರುಯಾರದೋ ಕೈ ದಾಟಿ ಇವರ ಪಾಲಿಗೆ ಬಂದಿತ್ತು. ಬೀದಿಯ ಕೊನೆಯ ತಿರುವಿನಲ್ಲಿ ಹೊಟ್ಟೆನೋವು ಬಂದವರ ಹಾಗೆ ಒಂದು ಪಕ್ಕಕ್ಕೆ ವಾಲುತ್ತಿತ್ತು. ಸೈಕಲ್ಲಿನವರೂ ಬೆಲ್ ಬಾರಿಸಿ ಮುಂದೆ ಹೋಗುತ್ತಿದ್ದರು. ನೀರು ಸರಬರಾಜು ಕಚೇರಿಯಲ್ಲಿ ಕಂಡಕಂಡವರಿಗೆಲ್ಲ ತಲೆ ಬಾಗಿಸಿಯೇ ಅರ್ಧ ಆಯಸ್ಸು ಕಳೆದಿದ್ದ ಗುಮಾಸ್ತರಿಗೆ ಉಳಿದಿದ್ದ ಆಸೆ ಒಂದೇ: ಆ ತಿರುವನ್ನು ಒಂದು ಸಲವಾದರೂ ವಾಲದೆ, ವೇಗ ತಗ್ಗಿಸದೆ ದಾಟಬೇಕು. ಕೇಳಿದವರು ನಗಬಹುದು. ಅವರಿಗೆ ಅದಕ್ಕಿಂತ ದೊಡ್ಡ ಆಸೆ ಬೇರೆ ಇರಲಿಲ್ಲ.

ಮೆಕ್ಯಾನಿಕ್ ಕಾರಿನ ಅಡಿಗೆ ನುಸುಳಿ, ಎದ್ದು ಬಂದು, ಸ್ಪ್ರಿಂಗುಗಳು ಸೋತುಹೋಗಿವೆ, ಷಾಕ್ ಅಬ್ಸಾರ್ಬರುಗಳು ಸತ್ತಿವೆ, ಸಸ್ಪೆನ್ಷನ್ ಪೂರ್ತಿ ಹೊಸದಾಗಿ ಹಾಕಬೇಕು ಎಂದ. ಹಾಕಿಸಬಹುದಿತ್ತು. ಆದರೆ ಇನ್ನು ಈ ಕಾರಿಗೆ ಬಿಡಿಗಾಸೂ ಸುರಿಯುವುದಿಲ್ಲವೆಂದು ಗುಮಾಸ್ತರು ಹೆಂಡತಿಗೆ ಮಾತು ಕೊಟ್ಟಿದ್ದರು. ಹೀಗಾಗಿ ಕಾರು ತೊಳೆಸಲು ಬಿಟ್ಟಿದ್ದೇನೆಂದು ಮನೆಯಲ್ಲಿ ಹೇಳಿದರು. ಆ ದಿನ ಅವರು ಊರಾಚೆಯ ಉಗ್ರಾಣಕ್ಕೆ ಪೈಪುಗಳ ಲೆಕ್ಕ ನೋಡಲು ಹೋಗಬೇಕಿತ್ತು. ಅಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಮೆಕ್ಯಾನಿಕ್‌ಗೆ ಮಹಡಿ ಮನೆಯ ನಿವೃತ್ತ ಮೇಷ್ಟ್ರ ನಂಬರು ಕೊಟ್ಟರು. ಮೇಷ್ಟ್ರಿಗೆ, ನನಗೊಂದು ಫೋನ್ ಬರಬಹುದು, ಏನು ಹೇಳಿದರೂ ಕೇಳಿಕೊಂಡಿರಿ, ನಮ್ಮ ಮನೆಯಲ್ಲಿ ಮಾತ್ರ ಬಾಯಿ ಬಿಡಬೇಡಿ ಎಂದರು. ಗುಟ್ಟು ಕಾಯಲು ಮೇಷ್ಟ್ರನ್ನು ಆರಿಸಿಕೊಂಡದ್ದು ಅವರ ಗ್ರಹಚಾರ.

ಮಧ್ಯಾಹ್ನ ಫೋನ್ ಬಂತು. ಸುತ್ತಿಗೆ ಸದ್ದಿನ ನಡುವೆ ಅವಸರದ ದನಿ.

"ಗುಮಾಸ್ತರಿಗೆ ಹೇಳಿಬಿಡಿ, ಸಸ್ಪೆನ್ಷನ್ ಆಗಿಹೋಯ್ತು. ಹಳೇದೆಲ್ಲ ಬಿಚ್ಚಿ ನೋಡಿದ್ವಿ, ಒಂದೂ ನೆಟ್ಟಗಿರಲಿಲ್ಲ. ಇದು ಮಾತ್ರ ಗಟ್ಟಿ. ಇನ್ನು ಅಲ್ಲಾಡೋ ಮಾತೇ ಇಲ್ಲ."

ಮೇಷ್ಟ್ರು ಫೋನ್ ಇಟ್ಟು ಚಪ್ಪಲಿ ಹುಡುಕಿದರು. ಸರ್ಕಾರಿ ಸಂಬಳ ತಿಂದವರಿಗೆ ಸಸ್ಪೆನ್ಷನ್ ಎಂದರೆ ಒಂದೇ ಅರ್ಥ: ನೌಕರಿಯಿಂದ ಅಮಾನತು. ಹಳೆಯ ತಪ್ಪುಗಳನ್ನೆಲ್ಲ ಬಿಚ್ಚಿ ನೋಡಿದ್ದಾರೆ! ಮನೆಯಲ್ಲಿ ಹೇಳಬೇಡಿ ಎಂದದ್ದೇಕೆಂದು ಈಗ ತಿಳಿಯಿತು. ಕೊಟ್ಟ ಮಾತಿಗೆ ಕಟ್ಟುಬಿದ್ದು ಮೆಟ್ಟಿಲು ಇಳಿಯುವಷ್ಟು ಹೊತ್ತು ಅವರು ಯಾರಿಗೂ ಹೇಳಲಿಲ್ಲ.

ಸಂಜೆ ಗುಮಾಸ್ತರು ಮನೆಗೆ ಬಂದಾಗ ಬಾಗಿಲು ಹಾರುಹೊಡೆದಿತ್ತು. ಒಳಗೆ ಅಕ್ಕಪಕ್ಕದವರು ಗೋಡೆಗೆ ಒರಗಿ ಕೂತು ದನಿ ತಗ್ಗಿಸಿ ಮಾತಾಡುತ್ತಿದ್ದರು. ಯಾರಿಗೆ ಏನಾಯಿತೋ ಎಂದು ಗುಮಾಸ್ತರು ಚೀಲ ಬಾಗಿಲಲ್ಲೇ ಬಿಟ್ಟು ಒಳಗೆ ನುಗ್ಗಿದರು. ಎಲ್ಲರೂ ತಮ್ಮನ್ನೇ ನೋಡಿದಾಗ, ಆಗಿರುವುದು ತಮಗೇ ಎಂದು ಗೊತ್ತಾಯಿತು.

"ಸಸ್ಪೆನ್ಷನ್ ಸುದ್ದಿ ಬಂತು, ಗುಮಾಸ್ತರೇ," ಎಂದರು ಮೇಷ್ಟ್ರು. "ನಿಮ್ಮ ಮನೆಯವರಿಗೂ ಹೇಳಬೇಕಾಯ್ತು."

ಗುಟ್ಟು ರಟ್ಟಾಯಿತೆಂದು ಗುಮಾಸ್ತರು ತಲೆ ತಗ್ಗಿಸಿದರು. "ತಪ್ಪಾಯ್ತು. ಯಾರನ್ನೂ ದೂರೋಹಾಗಿಲ್ಲ. ನಾನೇ ದುಂಬಾಲು ಬಿದ್ದು ಮಾಡಿಸ್ಕೊಂಡೆ."

ನೆರೆದವರು ಮುಖ ಮುಖ ನೋಡಿಕೊಂಡರು. ದುಂಬಾಲು ಬಿದ್ದು ಸಸ್ಪೆಂಡ್ ಆದವರನ್ನು ಆ ಬೀದಿ ಕಂಡಿರಲಿಲ್ಲ. ಪಾಪ, ಏಟು ತಲೆಗೇ ತಗುಲಿದೆ ಎಂದು ಪಿಸುಗುಟ್ಟಿದ ಎದುರುಮನೆಯಾಕೆ ಪೇಪರು ಮಡಿಸಿ ಅವರಿಗೆ ಗಾಳಿ ಹಾಕತೊಡಗಿದರು.

"ಎಷ್ಟು ದಿನಕ್ಕೆ?" ಮೇಷ್ಟ್ರು ಮೆಲ್ಲಗೆ ಕೇಳಿದರು.

"ದಿನ ಏನು ಬಂತು, ಹತ್ತು ವರ್ಷಕ್ಕೆ ಮೋಸ ಇಲ್ಲ ಅಂದ. ಮುಂದಿಂದು ಹಿಂದಿಂದು ಎರಡೂ ಒಟ್ಟಿಗೇ ಮಾಡಿಸಿಬಿಟ್ಟೆ."

ಗಾಳಿ ಹಾಕುವ ಕೈ ಇನ್ನಷ್ಟು ಬಿರುಸಾಯಿತು. ಹೆಂಡತಿ ಬಂದು ಪಕ್ಕದಲ್ಲಿ ಕೂತರು. ಬೈಗುಳಕ್ಕೆ ಸಿದ್ಧರಾಗಿ ಗುಮಾಸ್ತರು ಕಣ್ಣು ಮುಚ್ಚಿದರೆ, ಆಕೆ ಅವರ ಕೈ ಹಿಡಿದುಕೊಂಡರು.

"ಏನೂ ಯೋಚನೆ ಮಾಡಬೇಡಿ, ರೀ. ನಾನು ನಿಮ್ಮ ಆಫೀಸಿನ ಸಾಹೇಬರ ಕಾಲು ಹಿಡಿದು ಬಂದಿದ್ದೀನಿ. ನಿಮ್ಮ ಕೆಲಸ ಉಳೀತು."

ಆಮೇಲೆ ನಡೆದದ್ದೆಲ್ಲ ಹೇಳಿದರು. ಸಾಹೇಬರು ಹುಷಾರಿಲ್ಲದೆ ಮನೆಯಲ್ಲೇ ಇದ್ದರಂತೆ. ಮೇಷ್ಟ್ರನ್ನು ಕರೆದುಕೊಂಡು ಹೋಗಿ ಅತ್ತಾಗ, ಸಸ್ಪೆನ್ಷನ್ನೇ, ಯಾರಿಗೆ ಎಂದು ಏನೂ ತಿಳಿಯದವರ ಹಾಗೆ ಕೇಳಿದರಂತೆ. ದೊಡ್ಡ ಮನುಷ್ಯರು, ಬಾಯಿಬಿಟ್ಟು ಹೇಳಲು ಸಂಕೋಚ. ಇನ್ನು ಅರ್ಧ ಸಂಬಳದಲ್ಲಿ ಬದುಕುವುದು ಹೇಗೆ, ಇರುವ ಕೆಂಪು ಕಾರನ್ನೂ ಮಾರಬೇಕು ಎಂದಾಗ, ಅದೇ ಎರಡು ಸೀಟಿನದ್ದಾ ಎಂದರಂತೆ. ಈಗ ಎಲ್ಲಿದೆ ಎಂದೂ ವಿಚಾರಿಸಿದರಂತೆ. ಕಡೆಗೆ, ಅಳಬೇಡಮ್ಮ, ಸಸ್ಪೆನ್ಷನ್ ರದ್ದು ಮಾಡುತ್ತೇನೆ, ಆ ಕಾರಿನ ಕಾಟವೂ ನಿಮಗೆ ಬೇಡ, ನಾನೇ ತೆಗೆದುಕೊಳ್ಳುತ್ತೇನೆ ಎಂದರಂತೆ. ತಿರುಗಿ ಬರುವಷ್ಟರಲ್ಲಿ ಯಾರೋ ಕಾರನ್ನು ತೊಳೆದು ಬಾಗಿಲಲ್ಲಿ ಬಿಟ್ಟುಹೋಗಿದ್ದರು. ಜೊತೆಯಲ್ಲೇ ಬಂದಿದ್ದ ಸಾಹೇಬರಿಗೆ ಕೀಲಿ ಕೊಟ್ಟದ್ದಾಯಿತು, ಅವರು ಒಂದು ಸುತ್ತು ಹೊಡೆದು ನೋಡಲು ಹೋಗಿದ್ದಾರೆ. ನಾಳೆ ಕಾರಿನ ಕಾಗದಕ್ಕೆ ನಿಮ್ಮದೊಂದು ಸಹಿ ಬಿದ್ದರೆ ಮುಗಿಯಿತು ಎಂದರು ಹೆಂಡತಿ.

ಗುಮಾಸ್ತರಿಗೆ ಒಂದೊಂದಾಗಿ ಎಲ್ಲ ಅರ್ಥವಾಯಿತು. ಸಸ್ಪೆನ್ಷನ್ ಆಗಿದ್ದು ನನಗಲ್ಲ, ಕಾರಿಗೆ ಎನ್ನಲು ಬಾಯಿ ತೆರೆದರು. ಹೆಂಡತಿಯ ಮುಖ ನೋಡಿದರು. ಅಷ್ಟೊಂದು ನೆಮ್ಮದಿ, ಅಷ್ಟೊಂದು ಹೆಮ್ಮೆ ಆ ಮುಖದಲ್ಲಿ ಮದುವೆಯಾದಾಗಿನಿಂದ ಕಂಡಿರಲಿಲ್ಲ. ಸುಳ್ಳುಗಾರ ಗಂಡನಿಗಾಗಿ ಇವಳು ಇನ್ನೊಬ್ಬರ ಕಾಲು ಹಿಡಿದಳಲ್ಲ ಎಂದುಕೊಂಡರು. ತೆರೆದ ಬಾಯಿ ಮುಚ್ಚಿಕೊಂಡರು.

ಹೊರಗೆ ಇಂಜಿನ್ ಸದ್ದು ಕೇಳಿ ಎಲ್ಲರೂ ಎದ್ದು ಬಂದರು. ಬೀದಿಯ ಕೊನೆಯ ತಿರುವಿನಲ್ಲಿ ಕೆಂಪು ಕಾರು ಕಾಣಿಸಿತು. ವೇಗ ತಗ್ಗಲಿಲ್ಲ, ಕೂದಲೆಳೆಯಷ್ಟೂ ವಾಲಲಿಲ್ಲ. ಗೆರೆ ಎಳೆದಂತೆ ತಿರುಗಿ ಮನೆಯ ಮುಂದೆ ನಿಂತಿತು. ಹುಷಾರಿಲ್ಲದ ಸಾಹೇಬರ ಮುಖ ಮದುಮಗನ ಹಾಗೆ ಹೊಳೆಯುತ್ತಿತ್ತು. ಅವರು ಗಾಜು ಇಳಿಸಿ ಗುಮಾಸ್ತರನ್ನು ಬೆರಳಲ್ಲೇ ಕರೆದರು.

"ನಾನು ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ, ಇವರು ಯಾವ ಸಸ್ಪೆನ್ಷನ್ ಅಂತಾರೆ ಅಂತ ತಲೆ ಕೆಡಿಸ್ಕೊಂಡಿದ್ದೆ," ಎಂದರು, ಅವರೊಬ್ಬರಿಗೇ ಕೇಳುವಂತೆ. "ಈ ತಿರುವಿನಲ್ಲಿ ಗೊತ್ತಾಯ್ತು. ಇಂಥ ಸಸ್ಪೆನ್ಷನ್ನ ಯಾರಾದ್ರೂ ರದ್ದು ಮಾಡ್ತಾರೇನ್ರೀ?"

ಹಿಂದಿನಿಂದ ಹೆಂಡತಿ ಮೆಲ್ಲಗೆ ಮೊಣಕೈಯಿಂದ ತಿವಿದರು.

"ಸುಮ್ಮನೆ ನಿಂತಿದ್ದೀರಲ್ಲ, ಕೈ ಮುಗೀರಿ."

ಗುಮಾಸ್ತರು ಕೈ ಮುಗಿದರು.